ಮೂರನೆಯ ಅರ್ಥದ ಚೀಟಿ

ನಿಘಂಟು ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಚೀಟಿ ಅಕ್ಕ ಎಂದು. ಅವಳಿಗಿಂತ ನಾಲ್ಕು ವರ್ಷ ದೊಡ್ಡವರಾದ, ನಿವೃತ್ತಿಯಾದಮೇಲೂ ಕೆಲಸಕ್ಕೆ ಬರುತ್ತಿದ್ದ ಕರಡು ತಿದ್ದುವ ಯಜಮಾನರೂ ‘ಅಕ್ಕಾ, ಚಹಾ ಬಂತು’ ಎಂದೇ ಕೂಗುತ್ತಿದ್ದರು. ಸಂಬಳದ ದಿನ ಸಹಿ ಮಾಡುವಾಗ ಬಿಟ್ಟರೆ ತನಗೆ ಇನ್ನೊಂದು ಹೆಸರಿದೆ ಎಂಬುದು ಅವಳಿಗೇ ನೆನಪಾಗುತ್ತಿರಲಿಲ್ಲ. ಮೂವತ್ತೊಂದು ವರ್ಷ ಅದೇ ಕಿಟಕಿ, ಅದೇ ಮೇಜು, ಅದೇ ಕೆಲಸ. ಕುರ್ಚಿಯ ಬೆತ್ತವನ್ನು ಮಾತ್ರ ಮೂರು ಸಲ ಬದಲಾಯಿಸಿದ್ದರು.

ನಿಘಂಟನ್ನು ಯಾರೋ ಮಹಾಪಂಡಿತರು ಗಡ್ಡ ನೀವಿಕೊಳ್ಳುತ್ತ ಕೂತು ಬರೆದುಬಿಡುತ್ತಾರೆ ಎಂದು ನಂಬಿದವರು ಬಹಳ ಮಂದಿ. ಪಂಡಿತರು ಇರುತ್ತಾರೆ, ಗಡ್ಡವೂ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನಿಘಂಟು ಹುಟ್ಟುವುದು ಚೀಟಿಯಿಂದ. ಈ ಕಚೇರಿಯಲ್ಲಿ ತಯಾರಾಗುತ್ತಿದ್ದದ್ದು ಇಂಗ್ಲಿಷ್ ಪದಗಳ ಚರಿತ್ರೆಯನ್ನು ಕನ್ನಡದಲ್ಲಿ ಹೇಳುವ ಕೋಶ. ಒಂದು ಪದ ಮೊದಲು ಏನನ್ನು ಹೇಳುತ್ತಿತ್ತು, ಆಮೇಲೆ ಏನು, ಈಗ ಏನು ಎಂಬುದೆಲ್ಲ ಅದರಲ್ಲಿ ಬರಬೇಕು. ಅದಕ್ಕೆ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಓದಬೇಕು. ಪದ ಕಂಡಲ್ಲಿ ಆ ವಾಕ್ಯವನ್ನು ಅಂಗೈಯಗಲದ ಚೀಟಿಯ ಮೇಲೆ ಬರೆದು, ಪುಸ್ತಕ, ಪುಟ, ಅಚ್ಚಾದ ವರ್ಷ ನಮೂದಿಸಿ, ಕೆಳಗೆ ಓದಿದವರ ಹೆಸರಿನ ಮೊದಲಕ್ಷರ ಮತ್ತು ಓದಿದ ದಿನಾಂಕ ಹಾಕಬೇಕು. ಅಂಥ ಚೀಟಿಗಳು ಗೋಡೆಯುದ್ದಕ್ಕೂ ಮರದ ಗೂಡುಗಳಲ್ಲಿ ಲಕ್ಷಗಟ್ಟಲೆ ಇದ್ದವು. ಅದರಲ್ಲಿ ಮೂವತ್ತೆಂಟು ಸಾವಿರ ಅಕ್ಕನ ಕೈಬರಹದವು. ನೆಂಟರ ಮನೆಗೆ ಹೋದಾಗ ‘ಏನಮ್ಮಾ ನಿನ್ನ ಕೆಲಸ?’ ಎಂದು ಯಾರಾದರೂ ಕೇಳಿದರೆ ‘ಬೇರೆಯವರು ಬರೆದಿದ್ದನ್ನ ಬರ್ಕೊಳ್ಳೋದು’ ಎನ್ನುತ್ತಿದ್ದಳು. ಅವರು ಮುಂದೆ ಏನೂ ಕೇಳುತ್ತಿರಲಿಲ್ಲ. ಅವಳಿಗೂ ಬೇಕಾದದ್ದು ಅದೇ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಆಗಿನ ಹಿರಿಯ ಸಂಪಾದಕರು ಅವಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದು ಒಂದೇ ನಿಯಮ. ‘ನೋಡಮ್ಮ, ಅಕ್ಷರ ಕೆಟ್ಟದಾಗಿದ್ರೆ ಪರವಾಗಿಲ್ಲ. ನಿಧಾನ ಆದ್ರೂ ಪರವಾಗಿಲ್ಲ. ಕಣ್ಣಾರೆ ಕಾಣದ್ದನ್ನ ಮಾತ್ರ ಚೀಟಿಗೆ ಇಳಿಸ್ಬೇಡ. ನಮ್ಮ ಚೀಟಿಯನ್ನ ನಂಬಿ ಇನ್ನೊಬ್ಬ, ಅವನನ್ನ ನಂಬಿ ಮತ್ತೊಬ್ಬ ಬರೀತಾನೆ. ಆಮೇಲೆ ಅದನ್ನ ಕೀಳೋದು ಯಾರಪ್ಪನ ಕೈಲೂ ಆಗೋದಿಲ್ಲ.’ ಅಕ್ಕ ತಲೆಯಾಡಿಸಿದಳು. ಆ ವಯಸ್ಸಿನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ.

ಇನ್ನೊಂದು ಪದ್ಧತಿಯೂ ಇತ್ತು. ಒಂದು ಪದದ ಯಾವುದಾದರೂ ಅರ್ಥಕ್ಕೆ ಈಚಿನ ಇನ್ನೂರು ವರ್ಷಗಳಲ್ಲಿ ಒಂದು ಚೀಟಿಯೂ ಸಿಗದಿದ್ದರೆ ಆ ಅರ್ಥದ ಪಕ್ಕದಲ್ಲಿ ಪುಟ್ಟದೊಂದು ಕತ್ತಿಯ ಗುರುತು ಬೀಳುತ್ತಿತ್ತು. ಈ ಅರ್ಥ ಸತ್ತಿದೆ, ಯಾರೂ ಬಳಸುವುದಿಲ್ಲ ಎಂದು ಸೂಚನೆ. ಕಚೇರಿಯವರ ಬಾಯಲ್ಲಿ ಅದೇ ನುಡಿಗಟ್ಟಾಗಿತ್ತು. ಗೋಡೆ ಗಡಿಯಾರ ನಿಂತರೆ ‘ಕತ್ತಿ ಬಿತ್ತು’, ಕೊಡೆ ಮುರಿದರೆ ‘ಕತ್ತಿ ಬಿತ್ತು’. ಕರಡು ತಿದ್ದುವ ಯಜಮಾನರು ತಮ್ಮ ತಲೆಗೂದಲನ್ನು ಸವರಿಕೊಂಡು, ‘ಇದಕ್ಕಂತೂ ಯಾವತ್ತೋ ಕತ್ತಿ ಬಿತ್ತು ಬಿಡಿ’ ಎಂದು ತಾವೇ ನಗುತ್ತಿದ್ದರು.

ಅಕ್ಕನಿಗೆ ಮದುವೆಯಾಗಲಿಲ್ಲ. ಯಾಕೆ ಎಂದರೆ ಕಾರಣ ಹತ್ತಿರುತ್ತವೆ. ಹತ್ತರಲ್ಲಿ ಒಂಬತ್ತು ಸುತ್ತಿ ಬಳಸಿ ತಮ್ಮನ ಹತ್ತಿರವೇ ಬಂದು ನಿಲ್ಲುತ್ತಿದ್ದವು. ತಮ್ಮ ಅವಳಿಗಿಂತ ಐದು ವರ್ಷ ಚಿಕ್ಕವನು. ಮಾತು ನಿಧಾನ, ಓದು ತಲೆಗೆ ಹತ್ತಲಿಲ್ಲ, ನೂರರ ಆಚೆಗೆ ಎಣಿಸಬೇಕಾದರೆ ಮತ್ತೆ ಒಂದರಿಂದ ಶುರುಮಾಡುತ್ತಿದ್ದ. ಬೀದಿಯವರಿಂದ ಹಿಡಿದು ಸ್ವಂತ ಚಿಕ್ಕಪ್ಪನವರೆಗೆ ಎಲ್ಲರಿಗೂ ಅವನು ಪೆದ್ದ. ಚಿಕ್ಕಪ್ಪನಂತೂ ಅವನ ಎದುರಿಗೇ, ‘ಪೆದ್ದನ್ನ ಸ್ವಲ್ಪ ಆಚೆ ಕೂರ್ಸಿ, ಮಾತಾಡ್ಬೇಕು’ ಎನ್ನುತ್ತಿದ್ದರು. ಅಮ್ಮ ಒಬ್ಬಳೇ ಬೇರೆ ಮಾತಾಡುತ್ತಿದ್ದವಳು. ‘ಪಾಪದವನು ಕಣೇ ಅವನು. ಒಂದು ಇರುವೆಗೂ ಕೇಡು ಬಗೆಯೋನಲ್ಲ. ನನ್ನ ಕಾಲ ಆದ್ಮೇಲೆ ಅವನನ್ನ ನೋಡ್ಕೊಳ್ಳೋಳು ನೀನೇ’ ಎಂದು ಮಗಳಿಗೆ ಹೇಳಿ ಹೇಳಿ ಅದನ್ನು ಉಸಿರಾಟದಷ್ಟು ಸಹಜ ಮಾಡಿಬಿಟ್ಟಿದ್ದಳು.

ಅಕ್ಕ ಸೇರಿದ ಮೂರನೇ ವರ್ಷಕ್ಕೆ ಹಿರಿಯ ಸಂಪಾದಕರನ್ನು ಕಾಡಿ ಬೇಡಿ ತಮ್ಮನಿಗೂ ಅಲ್ಲೊಂದು ಕೆಲಸ ಕೊಡಿಸಿದಳು. ದೊಡ್ಡ ಹಾಳೆಗಳನ್ನು ಚೀಟಿಯ ಅಳತೆಗೆ ಕತ್ತರಿಸುವುದು. ಅಲ್ಲಿಯವರೆಗೆ ಆ ಕೆಲಸವನ್ನು ಪುಸ್ತಕದ ರಟ್ಟು ಕಟ್ಟುವವನು ಬಿಡುವಾದಾಗ ಮಾಡಿಕೊಡುತ್ತಿದ್ದ. ಹಾಳೆಯನ್ನು ಮಡಿಸಿ ಚಾಕುವಿನಿಂದ ಸೀಳುತ್ತಿದ್ದ, ಅಂಚೆಲ್ಲ ಒರಟು. ತಮ್ಮ ಬಂದಮೇಲೆ ಹಿಡಿಕೆಯ ಕತ್ತರಿಯಂತ್ರ ಬಂತು. ಅವನು ತಗಡಿನದೊಂದು ಅಳತೆಪಟ್ಟಿ ಮಾಡಿಸಿಕೊಂಡ. ಪ್ರತಿ ಕಟ್ಟಿನ ಮೊದಲ ಚೀಟಿಯನ್ನು ಅದರ ಮೇಲಿಟ್ಟು ನೋಡದೆ ಹಿಡಿಕೆಗೆ ಕೈ ಹಾಕುತ್ತಿರಲಿಲ್ಲ. ಚೀಟಿ ಕೆಳಗೆ ಬಿದ್ದು ಚೆಲ್ಲಾಪಿಲ್ಲಿಯಾದರೆ ತಲೆ ಯಾವುದು ಬುಡ ಯಾವುದು ಎಂದು ಕೈಗೇ ತಿಳಿಯಲಿ ಎಂದು ಪ್ರತಿಯೊಂದರ ಎಡಗಡೆಯ ಮೇಲಿನ ಮೂಲೆಯನ್ನು ಎಳ್ಳಿನಷ್ಟು ಕತ್ತರಿಸುವುದನ್ನೂ ಅವನೇ ಶುರುಮಾಡಿದ. ಯಾರೂ ಹೇಳಿಕೊಟ್ಟದ್ದಲ್ಲ. ಅಷ್ಟು ಓದಿಕೊಂಡ ಜನ ತುಂಬಿದ್ದ ಆ ಕಚೇರಿಯಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ ಎಂಬುದನ್ನು ನಾವು ನೆನಪಿಟ್ಟುಕೊಳ್ಳೋಣ. ಕಾಗದ ಅವನಿಗೆ ಬೆರಳ ತುದಿಯಲ್ಲಿ ಗೊತ್ತಾಗುತ್ತಿತ್ತು. ಚೀಟಿಯ ಮೇಲಿನ ಅಕ್ಷರ ಓದಲಾರ. ಆದರೆ ಉಜ್ಜಿ ನೋಡಿ, ‘ಇದು ಮೆಟ್ಟಿಲಿಗೆ ಸಿಮೆಂಟ್ ಹಾಕಿದ ವರ್ಷದ್ದು’ ಎಂದರೆ ಅದು ಆ ವರ್ಷದ್ದೇ.

ಅಕ್ಕನ ಐದನೇ ವರ್ಷದಲ್ಲಿ ಅಮ್ಮ ತೀರಿಕೊಂಡಳು. ಎರಡು ವಾರ ರಜೆ ಮುಗಿಸಿ ಬಂದವಳ ಮೇಜಿನ ಮೇಲೆ ಒಂದು ಕಟ್ಟು ಕಾಯುತ್ತಿತ್ತು. ಪದ: ಸಿಲ್ಲಿ.

ಇಂದು ಶಾಲೆಯ ಮಕ್ಕಳಿಗೂ ಗೊತ್ತಿರುವ ಪದ. ಪೆದ್ದು, ಹುಚ್ಚುಚ್ಚಾದದ್ದು, ಬುದ್ಧಿಯಿಲ್ಲದ್ದು. ಆದರೆ ಕಟ್ಟಿನ ತಳದ ಚೀಟಿಗಳನ್ನು ನೋಡಿದರೆ ಅದರ ಹುಟ್ಟೇ ಬೇರೆ. ಸಾವಿರ ವರ್ಷದ ಹಿಂದೆ, ಕಾಗುಣಿತವೂ ಬೇರೆಯಿದ್ದಾಗ, ಅದು ಧನ್ಯ, ಸುಖಿ, ದೇವರ ದಯೆಗೆ ಪಾತ್ರನಾದವನು ಎಂದು ಹೇಳುತ್ತಿತ್ತು. ಆಮೇಲೆ ಮುಗ್ಧ, ಕೇಡರಿಯದವನು. ಕೇಡರಿಯದವರಿಗೆ ಲೋಕ ಒಳ್ಳೆಯದು ಮಾಡುತ್ತದೆಯೇ? ಆದ್ದರಿಂದ ಮೂರನೆಯ ಅರ್ಥ: ಪಾಪದವನು, ಬಡಪಾಯಿ, ಕನಿಕರಕ್ಕೆ ತಕ್ಕವನು. ಕುರಿಮರಿಗೂ ಆ ಪದ, ದಿಕ್ಕಿಲ್ಲದ ಮುದುಕಿಗೂ ಆ ಪದ. ಅಲ್ಲಿಂದ ಬಲವಿಲ್ಲದವನು, ಬಲವಿಲ್ಲದವನಿಂದ ಬುದ್ಧಿಬಲವಿಲ್ಲದವನು, ಕೊನೆಗೆ ಪೆದ್ದ. ಸ್ವರ್ಗದ ಬಾಗಿಲಲ್ಲಿದ್ದವನನ್ನು ಜನ ಒಂದೊಂದೇ ಮೆಟ್ಟಿಲು ಇಳಿಸಿ ಬೀದಿಗೆ ತಂದು ನಿಲ್ಲಿಸಿದ್ದರು.

ಅಕ್ಕ ಇದನ್ನು ಹೇಳಿದಾಗ ಹಿರಿಯ ಸಂಪಾದಕರು ಕನ್ನಡಕ ತೆಗೆದು ನಕ್ಕರು. ‘ನಮ್ಮ ಮುಗ್ಧ ಇದರ ಎದುರು ದಾರಿಯಲ್ಲಿ ಬಂದಿದ್ದಾನೆ ನೋಡು. ಸಂಸ್ಕೃತದಲ್ಲಿ ಅವನು ಮೊದಲು ದಿಕ್ಕುತೋಚದ ಮಂಕ, ಮೂಢ. ಆಮೇಲೆ ಕಪಟವಿಲ್ಲದವನಾದ, ಚೆಲುವನೂ ಆದ. ಅಲ್ಲಿ ಇಳಿಸಿದ್ರು, ಇಲ್ಲಿ ಹತ್ತಿಸಿದ್ರು. ಪದ ಏನ್ಮಾಡುತ್ತೆ ಪಾಪ, ಆಡೋರು ಕರ್ಕೊಂಡ್ಹೋದಲ್ಲಿಗೆ ಹೋಗುತ್ತೆ.’ ಅವರಿಗೆ ಅದು ಚಹಾದ ಹೊತ್ತಿನ ರುಚಿಯಾದ ಮಾತು. ಅಕ್ಕ ನಗಲಿಲ್ಲ.

ಮೂರನೆಯ ಅರ್ಥಕ್ಕೆ ಅವರ ಗೂಡಿನಲ್ಲಿದ್ದ ಕೊನೆಯ ಚೀಟಿ ಮುನ್ನೂರು ವರ್ಷ ಹಿಂದಿನದು. ಅಂದರೆ ಕತ್ತಿ ಬೀಳಬೇಕು. ಗುರುತು ಹಾಕಬೇಕಾದವಳು ಅವಳೇ. ಮೂರು ದಿನ ಆ ಕಟ್ಟನ್ನು ಎತ್ತಿಡುತ್ತ ಬಿಚ್ಚುತ್ತ ಕೂತಳು. ಅಮ್ಮ ಹೋದಮೇಲೆ ತಮ್ಮನನ್ನು ಪಾಪದವನು ಎನ್ನುವ ಬಾಯಿ ಲೋಕದಲ್ಲಿ ಒಂದೂ ಉಳಿದಿರಲಿಲ್ಲ. ಆ ವಾರವೇ ಚಿಕ್ಕಪ್ಪ ಬಂದು, ‘ಪೆದ್ದನ್ನ ಎಲ್ಲಾದ್ರೂ ಆಶ್ರಮಕ್ಕೆ ಸೇರ್ಸು, ನಿನ್ನ ದಾರಿ ನೀನು ನೋಡ್ಕೋ’ ಎಂದು ಹೇಳಿ ಹೋಗಿದ್ದರು. ಈಗ ಇಂಗ್ಲಿಷಿನಲ್ಲೂ ಆ ಅರ್ಥ ಸತ್ತಿದೆ ಎಂದು ತನ್ನ ಕೈಯಾರೆ ಬರೆಯಬೇಕು. ನಾಲ್ಕನೇ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ತಮ್ಮ ಕತ್ತರಿಸಿಟ್ಟ ಕಟ್ಟಿನಿಂದ ಅಕ್ಕ ಒಂದು ಖಾಲಿ ಚೀಟಿ ಎಳೆದುಕೊಂಡಳು.

ಅವಳು ಇಂಗ್ಲಿಷಿನಲ್ಲಿ ಬರೆದ ವಾಕ್ಯದ ಸಾರ ಇಷ್ಟು: ‘ಆ ಪಾಪದ ದೀಪ ಹಚ್ಚುವವನು ಯಾರಿಗೂ ಕೇಡು ಬಯಸಿದವನಲ್ಲ, ಮಳೆ ಸುರಿಯುತ್ತಿದ್ದರೂ ತನ್ನ ದೀಪಗಳನ್ನು ಎಣಿಸಿಯೇ ಮನೆಗೆ ಹೋಗುತ್ತಿದ್ದ.’ ಪಾಪದವನು ಎನ್ನುವಲ್ಲಿ ಆ ಪದ. ಪುಸ್ತಕ, ಯಾರೋ ಒಬ್ಬ ಶಾಲಾ ಮಾಸ್ತರನ ನೆನಪುಗಳು. ಅಚ್ಚಾದದ್ದು ನೂರೈವತ್ತು ವರ್ಷದ ಹಿಂದೆ. ಪುಟ ಅರವತ್ತೆರಡು. ಅಂಥ ಮಾಸ್ತರನೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಓದಿದ ದಿನಾಂಕವನ್ನು ತಾನು ಸೇರಿದ ಮೊದಲ ವರ್ಷಕ್ಕೆ ಹಾಕಿದಳು. ಆ ವರ್ಷ ಅವಳನ್ನು ಒಂದು ಖಾಸಗಿ ಪುಸ್ತಕ ಭಂಡಾರಕ್ಕೆ ಓದಲು ಕಳಿಸಿದ್ದರು, ಆಮೇಲೆ ಅದು ಮಾರಾಟವಾಗಿ ಹರಿದು ಹಂಚಿಹೋಗಿತ್ತು. ಹುಡುಕುವವರಿಗೆ ತುದಿ ಸಿಗಬಾರದಲ್ಲ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಮೊದಲ ಸಲ ಹೇಳುವಾಗ ಎಷ್ಟು ಅಚ್ಚುಕಟ್ಟಾಗಿ ಹೇಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕತ್ತಿ ಬೀಳಲಿಲ್ಲ. ಕೋಶ ಅಚ್ಚಾಯಿತು. ಇಪ್ಪತ್ತಾರು ವರ್ಷ ಯಾರೂ ಚಕಾರವೆತ್ತಲಿಲ್ಲ. ಆಮೇಲೆ ಅಕ್ಕ ಅಂಥದ್ದೊಂದನ್ನು ಮತ್ತೆಂದೂ ಮಾಡಲಿಲ್ಲ. ಅಷ್ಟೇ ಅಲ್ಲ, ಅಲ್ಪವಿರಾಮ ಒಂದು ಅನುಮಾನವಾದರೂ ಮತ್ತೆ ಗ್ರಂಥಾಲಯಕ್ಕೆ ಬಸ್ಸು ಹತ್ತುವವಳು ಎಂದು ಹೆಸರಾದಳು. ಹೊಸಬರಿಗೆ ಕೆಲಸ ಕಲಿಸುವಾಗ ಹಿರಿಯರ ಮಾತನ್ನೇ ಹೇಳುತ್ತಿದ್ದಳು, ಕಣ್ಣಾರೆ ಕಾಣದ್ದನ್ನು ಇಳಿಸಬೇಡಿ ಎಂದು. ಹಾಗೆ ಹೇಳುವಾಗಲೆಲ್ಲ ಸಿಲ್ಲಿಯ ಕಟ್ಟಿದ್ದ ಗೂಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಆದರೂ ಹೇಳುತ್ತಿದ್ದಳು.

ಹಾಗೆ ಅವಳ ಕೈಕೆಳಗೆ ಕಲಿತ ಹುಡುಗಿಯೊಬ್ಬಳು ಹಿರಿಯರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಸಂಪಾದಕಿಯಾದಳು. ಚುರುಕು ಕೈ, ನೇರ ಮಾತು, ಒಳ್ಳೆಯ ಮನಸ್ಸು. ಕೋಶದ ಎರಡನೇ ಮುದ್ರಣದ ಕೆಲಸ ಮುಗಿಯುತ್ತ ಬಂದಿತ್ತು, ಅಕ್ಕನ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಸಂಪಾದಕಿ ಒಂದು ದಿನ ಮುಖಪುಟದ ಕರಡು ತಂದು ಅಕ್ಕನ ಮುಂದಿಟ್ಟಳು. ಸಹಸಂಪಾದಕಿ ಎಂದು ಬರೆದು ಕೆಳಗೆ ಅಕ್ಕನ ನಿಜವಾದ ಹೆಸರು, ಪೂರ್ತಿ ಹೆಸರು.

‘ಇಷ್ಟು ವರ್ಷ ಚೀಟಿಯ ಕೆಳಗಿನ ಒಂದು ಅಕ್ಷರದಲ್ಲೇ ಕಳೆದ್ರಿ. ಇನ್ನಾದ್ರೂ ಜನ ನೋಡ್ಲಿ, ಅಕ್ಕ’ ಎಂದಳು.

ಅಕ್ಕ ಅದನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಸಂತೋಷವಾಯಿತು. ಸಂತೋಷವಾಗಲಿಲ್ಲ ಎಂದರೆ ಅದೊಂದು ಬೂಟಾಟಿಕೆ. ಮೂವತ್ತೊಂದು ವರ್ಷ ಬೇರೆಯವರ ಹೆಸರುಗಳನ್ನು ಬರೆದುಕೊಂಡವಳಿಗೆ ತನ್ನ ಹೆಸರು ಅಚ್ಚಿನಲ್ಲಿ ಕಂಡಾಗ ಕಣ್ಣು ಒದ್ದೆಯಾದರೆ ತಪ್ಪೇನು?

ಹತ್ತು ದಿನ ಕಳೆದಿರಬೇಕು. ಬೆಳಿಗ್ಗೆ ಸಂಪಾದಕಿ ಒಂದು ಕಾಗದ, ಒಂದು ಚೀಟಿ ಹಿಡಿದುಕೊಂಡು ಬಂದಳು. ದೂರದ ಒಬ್ಬ ಪ್ರಾಧ್ಯಾಪಕರು ಸಿಲ್ಲಿ ಪದದ ಮೇಲೆ ಲೇಖನ ಬರೆಯುತ್ತಿದ್ದಾರಂತೆ. ಮೂರನೆಯ ಅರ್ಥಕ್ಕೆ ಇಷ್ಟು ಈಚಿನ ಉದಾಹರಣೆ ಕಂಡು ಖುಷಿಯಾಗಿ, ಆ ಶಾಲಾ ಮಾಸ್ತರನ ಪುಸ್ತಕವನ್ನು ಇದ್ದಬದ್ದ ಗ್ರಂಥಾಲಯಗಳಲ್ಲೆಲ್ಲ ಹುಡುಕಿಸಿದರಂತೆ. ಎಲ್ಲೂ ಇಲ್ಲ.

‘ನೀವೇ ಓದಿದ್ದು. ಎಲ್ಲಿ ಸಿಕ್ಕಿತ್ತು, ನೆನಪಿದ್ಯಾ ಅಕ್ಕ?’

ಅಕ್ಕನ ನಾಲಿಗೆ ಇಪ್ಪತ್ತಾರು ವರ್ಷದಿಂದ ಸಿದ್ಧವಾಗಿಯೇ ಇತ್ತು. ‘ಮೊದಲನೇ ವರ್ಷ ನನ್ನನ್ನ ಭಂಡಾರಕ್ಕೆ ಕಳಿಸಿದ್ರಲ್ಲ, ಅಲ್ಲಿ. ಆಮೇಲೆ ಅದೆಲ್ಲ ಮಾರಾಟ ಆಯ್ತು’ ಎಂದಳು.

ಹೊಸ ಕಟ್ಟುಗಳನ್ನು ಜೋಡಿಸಲು ಬಂದಿದ್ದ ತಮ್ಮ ಅಲ್ಲೇ ನಿಂತಿದ್ದ. ಐವತ್ತಮೂರು ವರ್ಷ, ಕಿವಿಯ ಪಕ್ಕ ನರೆತಿತ್ತು. ಮೇಜಿನ ಮೇಲಿದ್ದ ಚೀಟಿಯನ್ನು ಎತ್ತಿ, ಅಭ್ಯಾಸಬಲದಿಂದ ಉಜ್ಜಿ ನೋಡಿದ.

‘ಇದು ಮೊದಲನೇ ವರ್ಷದ್ದಲ್ಲ’ ಎಂದ.

‘ಏನು?’ ಎಂದಳು ಸಂಪಾದಕಿ.

‘ಆವಾಗ ನಾನು ಬಂದಿರ್ಲಿಲ್ಲ. ಆವಾಗಿನ ಚೀಟಿ ಅಂಚು ಒರಟು. ಇದು ನಾನು ಕತ್ತರಿಸಿದ್ದು. ನೋಡಿ, ಮೂಲೆ ಕತ್ತರಿಸಿದೆ. ಕಾಗದಾನೂ ಅಮ್ಮ ಹೋದ ವರ್ಷದ್ದು.’

ಅಕ್ಕ ತಮ್ಮನ ಕಡೆ ನೋಡಿದಳು. ಅವನ ಮುಖದಲ್ಲಿ ಸರಿಯುತ್ತರ ಗೊತ್ತಿದ್ದವನ ಬೆಳಕಿತ್ತು. ಮುಂದೆ ಅವಳ ಬಾಯಿಂದ ಬಂದ ಮಾತನ್ನು ಅವಳು ಯೋಚಿಸಿ ಆಡಿದ್ದಲ್ಲ. ಅದಕ್ಕೇ ಅದು ಇನ್ನೂ ಕೆಟ್ಟದ್ದು.

‘ಹಳೇ ಚೀಟಿಗಳ ಅಂಚನ್ನೂ ನೀನೇ ಆಮೇಲೆ ಸರಿಮಾಡಿದ್ಯಲ್ಲೋ. ಮರೆತಿದ್ದೀಯ ನೀನು.’

‘ಇಲ್ಲ ಅಕ್ಕ. ಹಳೇದನ್ನ ಮುಟ್ಟಿಲ್ಲ.’

‘ಮುಟ್ಟಿದ್ದೆ ಕಣೋ. ಮರೆತಿದ್ದೀಯ.’

ತಮ್ಮ ಚೀಟಿಯನ್ನು ನೋಡಿದ, ಅಕ್ಕನನ್ನು ನೋಡಿದ. ಎರಡರಲ್ಲಿ ಒಂದನ್ನು ನಂಬಬೇಕಾಗಿ ಬಂದಾಗ ಅವನು ಅಕ್ಕನನ್ನೇ ನಂಬುವವನು. ‘ಇರ್ಬೋದು’ ಎಂದು ಹೇಳಿ ಚೀಟಿಯನ್ನು ಮೆಲ್ಲಗೆ ಕೆಳಗಿಟ್ಟು ಹೋದ. ಸಂಪಾದಕಿ ಅವನು ಹೋಗುವುದನ್ನೇ ನೋಡಿ, ದನಿ ತಗ್ಗಿಸಿ, ‘ಪಾಪ, ವಯಸ್ಸಾಯ್ತು’ ಎಂದಳು. ಪ್ರಾಧ್ಯಾಪಕರಿಗೆ ಉತ್ತರ ಹೋಯಿತು.

ಸುಳ್ಳು ಅಲ್ಲಿಗೇ ನಿಂತಿದ್ದರೆ ಅಕ್ಕ ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಮರುದಿನದಿಂದ ತಮ್ಮನ ಕೆಲಸ ಕುಂಟತೊಡಗಿತು. ಮೊದಲ ಚೀಟಿಯನ್ನಷ್ಟೇ ಅಳೆಯುತ್ತಿದ್ದವನು ಈಗ ಪ್ರತಿಯೊಂದನ್ನೂ ಅಳೆಯತೊಡಗಿದ. ಅಳೆದದ್ದನ್ನೇ ಮತ್ತೆ ಅಳೆಯುವನು. ಹಿಡಿಕೆಯ ಮೇಲೆ ಕೈಯಿಟ್ಟು ಒತ್ತದೆ ನಿಂತುಬಿಡುವನು. ಮಧ್ಯಾಹ್ನ ಅಕ್ಕನ ಮೇಜಿಗೆ ಬಂದು ತಗಡಿನ ಪಟ್ಟಿಯನ್ನು ಮುಂದೆ ಹಿಡಿದ.

‘ಅಕ್ಕ, ಇದು ಸರಿಯಾಗಿದ್ಯಾ ನೋಡು.’

‘ಸರಿಯಾಗಿದೆ ಕಣೋ.’

‘ಯಾವಾಗ್ಲೂ ಇದೇ ಇತ್ತಾ? ನಾನು ಬದಲಾಯ್ಸಿಲ್ಲ ಅಲ್ವಾ?’

ಅವಳು ಇಲ್ಲವೆಂದಳು. ಮರುದಿನ ಮತ್ತೆ ಬಂದು ಅದನ್ನೇ ಕೇಳಿದ. ಮನೆಯಲ್ಲಿ ಬೀಗ ಹಾಕಿದಮೇಲೆ ಎರಡು ಸಲ ಹಿಂತಿರುಗಿ ಎಳೆದು ನೋಡತೊಡಗಿದ. ಸ್ನಾನ ಮಾಡಿ ಬಂದವನು, ‘ನಾನು ಸ್ನಾನ ಮಾಡಿದ್ನಾ?’ ಎಂದು ಕೇಳಿದಾಗ ಅಕ್ಕನಿಗೆ ಕೈಯಲ್ಲಿದ್ದ ಪಾತ್ರೆ ಕೆಳಗಿಡಬೇಕಾಯಿತು. ಓದು ಬರಹ, ಹೆಂಡತಿ ಮಕ್ಕಳು, ನಾಲ್ಕು ಜನರ ಮರ್ಯಾದೆ, ಇದೊಂದೂ ಅವನ ಪಾಲಿಗೆ ಬಂದಿರಲಿಲ್ಲ. ಬಂದಿದ್ದದ್ದು ಒಂದೇ, ತನ್ನ ಕಾಗದ ತನಗೆ ಗೊತ್ತು ಎಂಬ ಧೈರ್ಯ. ಅದನ್ನು ಅಕ್ಕ ಎರಡು ಮಾತಿನಲ್ಲಿ ಕಿತ್ತುಕೊಂಡಿದ್ದಳು.

ಚೀಟಿಗಳು ಸಾಲದೆ ಓದುವವರು ಗೊಣಗಿದರು. ಮೂರನೇ ವಾರ ಸಂಪಾದಕಿ ಅಕ್ಕನನ್ನು ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಬಹಳ ಮೃದುವಾಗಿ ಹೇಳಿದಳು. ‘ಅಕ್ಕ, ತಪ್ಪು ತಿಳ್ಕೋಬೇಡಿ. ಇನ್ಮೇಲೆ ಕತ್ತರಿಸಿದ ಚೀಟಿಗಳನ್ನೇ ಹೊರಗಿಂದ ತರಿಸೋಣ ಅಂತ. ಅವರಿಗೆ ಮರೆವು ಶುರುವಾಗಿದೆ, ಆ ಕತ್ತರಿಯಂತ್ರದ ಹತ್ತಿರ ನಿಲ್ಲಿಸೋಕೆ ನನಗೆ ಭಯ. ಶುಕ್ರವಾರ ಅವರಿಗೆ ಹೇಳ್ತೀನಿ. ನಿಮಗೂ ನಿವೃತ್ತಿ, ಇಬ್ಬರೂ ಮನೇಲಿ ಆರಾಮಾಗಿರ್ಬೋದು.’

ಅದರಲ್ಲಿ ದುರುದ್ದೇಶ ಎಳ್ಳಷ್ಟೂ ಇರಲಿಲ್ಲ. ಅಕ್ಕ ಎದ್ದು ತನ್ನ ಮೇಜಿಗೆ ಹಿಂತಿರುಗಿದಳು.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಬಾಯಿಮುಚ್ಚಿಕೊಂಡಿದ್ದರೆ ಐದು ವಾರದಲ್ಲಿ ಗೌರವದಿಂದ ನಿವೃತ್ತಿ, ಮುಖಪುಟದಲ್ಲಿ ಹೆಸರು. ಬಾಯಿಬಿಟ್ಟರೆ ಹೋಗುವುದು ಹೆಸರೊಂದೇ ಅಲ್ಲ. ಒಂದು ಚೀಟಿ ಸುಳ್ಳೆಂದಮೇಲೆ ಮೂವತ್ತೆಂಟು ಸಾವಿರವನ್ನು ನಂಬುವವರು ಯಾರು? ಮಳೆ ಬಿಸಿಲೆನ್ನದೆ ಅಲೆದು, ಕಣ್ಣು ಕಳೆದುಕೊಂಡು ಬರೆದ ಒಂದೊಂದು ಚೀಟಿಯೂ ಅನುಮಾನದ ಕಟ್ಟಿಗೆ ಹೋಗುತ್ತದೆ. ಅವಳ ಜೀವಮಾನ ಎಂದರೆ ಆ ಚೀಟಿಗಳೇ, ಬೇರೆ ಇನ್ನೇನಿತ್ತು? ಆದರೆ ಗುರುವಾರ ಸಂಜೆ ತಮ್ಮ ಮೆಟ್ಟಿಲ ಮೇಲೆ ಕೂತು, ಜೇಬಿನಲ್ಲಿದ್ದ ಹಳೆಯ ಚೀಟಿಯೊಂದನ್ನು ಉಜ್ಜಿ ಉಜ್ಜಿ ನೋಡುತ್ತ, ಏನೂ ಹೇಳಲಾರದೆ ಮತ್ತೆ ಜೇಬಿಗೆ ಹಾಕಿಕೊಂಡದ್ದನ್ನು ಅವಳು ಒಳಗಿಂದ ಕಂಡಳು. ಪೆದ್ದ ಎಂಬ ಯಾವ ಮಾತನ್ನು ತಮ್ಮನ ಮೇಲಿಂದ ತಪ್ಪಿಸಲೆಂದು ಅಷ್ಟೆಲ್ಲ ಮಾಡಿದ್ದಳೋ ಅದೇ ಮಾತನ್ನು ತಾನೇ ಅವನ ತಲೆಗೆ ಕಟ್ಟಿದ್ದಳು.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಚಹಾಕ್ಕೆ ಸೇರಿದ್ದಾಗ ಅಕ್ಕ ಎದ್ದು ನಿಂತಳು. ಮೊದಲು ತಮ್ಮನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

‘ಆವತ್ತು ಇವನು ಹೇಳಿದ್ದೇ ಸರಿ’ ಎಂದಳು. ‘ಆ ಚೀಟಿ ಮೊದಲನೇ ವರ್ಷದ್ದಲ್ಲ. ಅಮ್ಮ ಹೋದ ವರ್ಷ ನಾನೇ ಬರೆದಿದ್ದು. ಅಂಥ ಪುಸ್ತಕಾನೇ ಇಲ್ಲ. ವಾಕ್ಯ ನಂದೇ. ಇವನಿಗೆ ಮರೆವೂ ಇಲ್ಲ, ಗಿರೆವೂ ಇಲ್ಲ. ಸುಳ್ಳು ಹೇಳಿದವಳು ನಾನು.’

ಕರಡು ತಿದ್ದುವ ಯಜಮಾನರು ಏನೋ ತಮಾಷೆ ಮಾಡಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಸಂಪಾದಕಿ ಕೈಯಲ್ಲಿದ್ದ ಚಹಾ ಲೋಟವನ್ನು ಮೇಜಿನ ಮೇಲಿಟ್ಟಳು.

‘ಅಕ್ಕ, ಏನು ಹೇಳ್ತಿದ್ದೀರಿ ಗೊತ್ತಾ? ನನಗೆ ಈ ಕೆಲಸ ಕಲಿಸಿದವರೇ ನೀವು.’

‘ಗೊತ್ತು.’

‘ಇನ್ನೆಷ್ಟಿವೆ?’

‘ಅದೊಂದೇ. ಆದ್ರೆ ನನ್ನ ಮಾತು ನಂಬಿ ಅಂತ ಹೇಳೋ ಹಕ್ಕು ನನಗಿಲ್ಲ. ಎಲ್ಲಾನೂ ನೋಡ್ಸಿ.’

ನೋಡಿಸಲೇಬೇಕಾಗಿತ್ತು. ಎರಡನೇ ಮುದ್ರಣ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಮುಖಪುಟದಿಂದ ಹೆಸರು ತೆಗೆಯಬೇಕಾಗುತ್ತದೆ ಎಂದು ಹೇಳುವಾಗ ಸಂಪಾದಕಿ ಅಕ್ಕನ ಮುಖ ನೋಡಲಿಲ್ಲ, ಆದರೂ ಹೇಳಿದಳು. ಹಾಗೆ ಹೇಳಿದ್ದಕ್ಕೆ ಅಕ್ಕನಿಗೆ ಒಳಗೊಳಗೇ ಹೆಮ್ಮೆಯೆನಿಸಿತು, ಚೆನ್ನಾಗಿ ಕಲಿಸಿದ್ದೇನೆ ಎಂದು. ಆಮೇಲೆ ಸಂಪಾದಕಿ ತಮ್ಮನ ಕಡೆ ತಿರುಗಿ, ‘ನಿಮ್ಮ ಮಾತು ನಾನು ಕೇಳ್ಬೇಕಿತ್ತು. ಕ್ಷಮಿಸಿ’ ಎಂದಳು. ಅಷ್ಟು ವರ್ಷದಲ್ಲಿ ಅವನಿಗೆ ಆ ಮಾತು ಹೇಳಿದವರು ಯಾರೂ ಇರಲಿಲ್ಲ.

‘ಹಾಗಾದ್ರೆ ತಗಡು ಸರಿಯಾಗಿದೆ’ ಎಂದ. ಹೋಗಿ ಕತ್ತರಿಯಂತ್ರದ ಮುಂದೆ ನಿಂತ. ಸ್ವಲ್ಪ ಹೊತ್ತಿಗೆ ಹಿಡಿಕೆ ಬೀಳುವ ಶಬ್ದ ಮೊದಲಿನ ಓಟದಲ್ಲೇ ಕೇಳಿಬರತೊಡಗಿತು.

ಮಧ್ಯಾಹ್ನ ಅಕ್ಕ ಸಿಲ್ಲಿ ಪದದ ಕಟ್ಟನ್ನು ತರಿಸಿಕೊಂಡಳು. ತಾನು ಬರೆದ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ಕಲ್ಪಿತ, ತಳ್ಳಿಹಾಕಿದೆ’ ಎಂದು ಬರೆದು ಸಹಿ ಮಾಡಿದಳು, ಈ ಸಲ ಪೂರ್ತಿ ಹೆಸರಿನಲ್ಲಿ. ಮೂರನೆಯ ಅರ್ಥದ ಪಕ್ಕದಲ್ಲಿ ಕತ್ತಿಯ ಗುರುತು ಹಾಕಿದಳು. ಪ್ರಾಧ್ಯಾಪಕರಿಗೆ ಬರೆಯಬೇಕಾದ ಕಾಗದವನ್ನೂ ತಾನೇ ಬರೆದು ಅಂಚೆಗೆ ಕೊಟ್ಟಳು.

ಸಂಜೆ ಇಬ್ಬರೂ ಮನೆಗೆ ಬಂದರು. ತಮ್ಮ ಬೀಗ ತೆಗೆದು ಒಳಗೆ ಹೋದ, ಹಿಂತಿರುಗಿ ನೋಡಲಿಲ್ಲ. ಅಕ್ಕ ಊಟ ಬಡಿಸಿದಳು. ಅವನು ಅರ್ಧ ಊಟ ಮಾಡಿ ಕೈ ನಿಲ್ಲಿಸಿದ.

‘ಅಕ್ಕ, ಆ ಚೀಟಿ ಯಾಕೆ ಬರೆದೆ?’

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಅವಳು ಅವನಿಗೆ ಹೇಳಿದಳು. ಅಮ್ಮ ಅವನನ್ನು ಏನೆನ್ನುತ್ತಿದ್ದಳು, ಜನ ಏನೆನ್ನುತ್ತಿದ್ದರು, ಒಂದು ಪದ ಒಂದರಿಂದ ಇನ್ನೊಂದಕ್ಕೆ ಹೇಗೆ ಜಾರಿತು, ನಡುವಿನ ಒಳ್ಳೆಯ ಅರ್ಥಕ್ಕೆ ಕತ್ತಿ ಹಾಕಲು ತನಗೆ ಹೇಗೆ ಮನಸ್ಸು ಬರಲಿಲ್ಲ, ಎಲ್ಲವನ್ನೂ. ಅವನು ಗಮನವಿಟ್ಟು ಕೇಳಿದ. ಎಷ್ಟು ಅರ್ಥವಾಯಿತೋ ತಿಳಿಯಲಿಲ್ಲ.

‘ನಿನ್ನ ಸಲುವಾಗಿ ಕಣೋ’ ಎಂದು ಮುಗಿಸಿದಳು.

ಅವನು ತಟ್ಟೆಯ ಅನ್ನವನ್ನು ಒಂದು ಪಕ್ಕಕ್ಕೆ ಒತ್ತರಿಸಿದ.

‘ಜನ ಏನಂತಾರೆ ಅಂತ ನನಗೆ ಗೊತ್ತಿತ್ತು ಅಕ್ಕ, ಚಿಕ್ಕವನಿಂದ. ಅದ್ರಿಂದ ಏನೂ ಆಗ್ತಿರ್ಲಿಲ್ಲ. ಮರೆತಿದ್ದೀಯ ಅಂತ ನೀನು ಅಂದ್ಯಲ್ಲ, ಆವಾಗ್ಲೇ ಬೇಜಾರಾಗಿದ್ದು.’

ಕಚೇರಿಯಲ್ಲಿ ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಬಂದಿದ್ದಳು. ಸಂಪಾದಕಿಗೆ ಹೇಳಿದ್ದಳು, ಕಂಡರಿಯದ ಪ್ರಾಧ್ಯಾಪಕರಿಗೂ ಬರೆದಿದ್ದಳು. ಇವನೊಬ್ಬನ ಕ್ಷಮೆ ಕೇಳಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

‘ತಪ್ಪಾಯ್ತು ಕಣೋ’ ಎಂದಳು.

‘ಹ್ಞೂಂ’ ಎಂದ ಅವನು. ಅವಳ ತಟ್ಟೆಯನ್ನು ಅವಳ ಕಡೆ ಸರಿಸಿ, ‘ಊಟ ಮಾಡು, ಆರಿಹೋಗುತ್ತೆ’ ಎಂದ.